ಸೌಂದರ್ಯಮೀಮಾಂಸೆ ಮತ್ತು ಸೌಂದರ್ಯನಿರ್ಣಯ

ಸೌಂದರ್ಯಮೀಮಾಂಸೆಯು ಚೆಲುವು, ಕಲೆ, ಅಭಿರುಚಿ ಇವುಗಳ ಸ್ವರೂಪವನ್ನು ವಿಚಾರಿಸುವ ತತ್ತ್ವಶಾಸ್ತ್ರದ ಶಾಖೆ. ಒಂದು ಹಾಡನ್ನೋ ಕಟ್ಟಡವನ್ನೋ ಕುರಿತು ‘ಚೆನ್ನಾಗಿದೆ’ ಎಂದು ಯಾರಾದರೂ ಹೇಳಿದರೆ ಆ ಮಾತು ವಸ್ತುವಿನ ಗುಣವನ್ನು ಹೇಳುತ್ತದೆಯೋ, ಹೇಳಿದವನ ಮನಸ್ಸಿನ ಸಂತೋಷವನ್ನೋ, ಅಥವಾ ‘ನೀನೂ ಒಪ್ಪು’ ಎಂಬ ಒತ್ತಾಯವನ್ನೋ? ಇಂಥ ಮಾತಿಗೆ ಸೌಂದರ್ಯನಿರ್ಣಯ ಎಂದು ಹೆಸರು. ಶಾಸ್ತ್ರದ ಉಳಿದೆಲ್ಲ ಚರ್ಚೆಗಳೂ ಈ ಪ್ರಶ್ನೆಯನ್ನು ಸುತ್ತಿಕೊಂಡೇ ಬೆಳೆದಿವೆ. ಅಂದ, ಚಂದ, ಸೊಗಸು, ಬೆಡಗು, ಚೆಲುವು ಎಂದು ಕನ್ನಡದಲ್ಲಿ ಇದಕ್ಕೆ ಮಾತುಗಳು ಹಲವಿದ್ದರೂ ತೀರ್ಪು ಕೊಡುವ ಶಕ್ತಿಯನ್ನು ನಾವು ಅಡುಗೆಮನೆಯಿಂದ ಬಂದ ಹೆಸರಿನಿಂದಲೇ ಕರೆಯುತ್ತೇವೆ: ರುಚಿ, ಅಭಿರುಚಿ, ರಸ. ನಾಲಗೆಗೆ ಹತ್ತಿದ್ದನ್ನು ವಾದಮಾಡಿ ಒಪ್ಪಿಸಲಾಗದು. ಆದರೂ ಕವಿತೆಯ ವಿಚಾರ ಬಂದಾಗ ನಾವು ವಾದಮಾಡುತ್ತಲೇ ಇರುತ್ತೇವೆ. ಸೌಂದರ್ಯಮೀಮಾಂಸೆ ಹುಟ್ಟುವುದು ಈ ಇಕ್ಕಟ್ಟಿನಲ್ಲಿ.

ಒಂದು ಕಟ್ಟಡದ ಮುಂದೆ ನಿಂತರೆ ಪ್ರಶ್ನೆ ಇನ್ನೂ ಸ್ಪಷ್ಟವಾಗುತ್ತದೆ. ಪುಣೆ ಕ್ಯಾಂಪಿನಲ್ಲಿ ಊರವರು ‘ಲಾಲ್ ದೇವೂಳ್’ ಎಂದು ಕರೆಯುವ ಒಂದು ಪ್ರಾರ್ಥನಾ ಮಂದಿರವಿದೆ. ಕೆಂಪು ಇಟ್ಟಿಗೆ ಮತ್ತು ಕರಿಗಲ್ಲಿನ ಕಟ್ಟಡ, ಚೂಪು ಕಮಾನುಗಳು, ಸುಮಾರು 90 ಅಡಿ ಎತ್ತರದ ಗೋಪುರ. ರಸ್ತೆಯಿಂದ ನೋಡಿದವರು ಇದು ಗಾಥಿಕ್ ಶೈಲಿಯ ಚರ್ಚು ಎಂದುಕೊಳ್ಳುತ್ತಾರೆ. ಹೆಸರು ಕೇಳಿದರೆ ದೇಗುಲ. ನಿಜದಲ್ಲಿ ಅದು ಓಹೆಲ್ ಡೇವಿಡ್ ಎಂಬ ಯೆಹೂದಿ ಸಿನಗಾಗ್, ಬಾಗ್ದಾದಿನಿಂದ ಮುಂಬಯಿಗೆ ಬಂದು ನೆಲೆಸಿದ ವರ್ತಕ ಡೇವಿಡ್ ಸಸೂನ್ ಕಟ್ಟಿಸಿದ್ದು, 1867ರಲ್ಲಿ ಪೂರ್ಣಗೊಂಡದ್ದು. ಅದರ ಆವರಣದಲ್ಲೇ ಅವನ ಸಮಾಧಿಯೂ ಇದೆ. ಚರ್ಚೆಂದುಕೊಂಡು ನೋಡಿದಾಗ ಸಹಜವೆನಿಸಿದ ಗೋಪುರ, ಸಿನಗಾಗೆಂದು ತಿಳಿದ ಮೇಲೆ ಬೇರೆಯಾಗಿ ಕಾಣುತ್ತದೆ. ಇಟ್ಟಿಗೆ ಅದೇ, ಕಮಾನು ಅದೇ. ಬದಲಾದದ್ದು ನೋಡುವವನ ತಿಳಿವಳಿಕೆ ಮಾತ್ರ. ಹಾಗಾದರೆ ಚೆಲುವಿನ ತೀರ್ಪು ಕಣ್ಣಿನದೋ, ತಿಳಿವಳಿಕೆಯದೋ?

ಇಮಾನ್ಯುಯೆಲ್ ಕಾಂಟ್ ಈ ಪ್ರಶ್ನೆಗೆ 1790ರ ತನ್ನ ‘ನಿರ್ಣಯಶಕ್ತಿಯ ವಿಮರ್ಶೆ’ಯಲ್ಲಿ ಜಾಗ ಮಾಡಿಕೊಟ್ಟಿದ್ದ. ಹೂವಿನ ಚೆಲುವು ಸ್ವತಂತ್ರ. ಅದು ಯಾವುದಕ್ಕಾಗಿ ಇದೆ ಎಂದು ತಿಳಿಯದೆಯೇ ನಾವದನ್ನು ಮೆಚ್ಚುತ್ತೇವೆ. ಚರ್ಚು, ಅರಮನೆ, ಶಸ್ತ್ರಾಗಾರ, ಉದ್ಯಾನದ ಮನೆ ಇವುಗಳ ಚೆಲುವು ಹಾಗಲ್ಲ, ಅವು ಏನಾಗಿರಬೇಕು ಎಂಬ ಕಲ್ಪನೆಗೆ ಅಂಟಿಕೊಂಡದ್ದು. 1817ರ ಖಡ್ಕಿ ಯುದ್ಧದ ನಂತರ ಬ್ರಿಟಿಷರು ನೆಲೆಗೊಳಿಸಿದ ದಂಡುಪ್ರದೇಶವಾದ ಈ ಕ್ಯಾಂಪಿನಲ್ಲಿ ಕಾಂಟ್ ಎಣಿಸಿದ ಈ ಬಗೆಯ ಹಲವು ಕಟ್ಟಡಗಳು ಎದ್ದವು. ನದಿಯ ಕಡೆಗಿನ ಕಸಬಾ, ಶನಿವಾರ ಮುಂತಾದ ಹಳೆಯ ಪೇಠೆಗಳಲ್ಲಿ ವಾಡೆಗಳಿದ್ದವು. ಹೊರಗೆ ಗಟ್ಟಿಗೋಡೆ, ಒಳಗೆ ಅಂಗಳ, ಕೆತ್ತಿದ ಮರದ ಕಂಬ. ಚೆಲುವನ್ನು ಒಳಗೆ ಬಂದವನಿಗೆ ಮಾತ್ರ ತೋರುವ ಮನೆ ಅದು. ಕ್ಯಾಂಪಿನ ಬಂಗಲೆಯಾದರೋ ಜಗಲಿ, ಕೈತೋಟಗಳನ್ನು ಮುಂದೆ ಚಾಚಿ ದಾರಿಹೋಕನಿಗೂ ತನ್ನನ್ನು ತೋರಿಸಿಕೊಳ್ಳುತ್ತದೆ. ಒಂದೇ ಊರಿನಲ್ಲಿ ಎರಡು ಅಭಿರುಚಿಗಳು ಇನ್ನೂರು ವರ್ಷ ಕೂಡಿ ಬಾಳಿವೆ. ಇವೆರಡರಲ್ಲಿ ಯಾವುದು ಹೆಚ್ಚು ಚೆಂದ ಎಂಬ ಪ್ರಶ್ನೆಗೆ, ಅದನ್ನು ವಾಡೆಯಾಗಿ ನೋಡುತ್ತಿದ್ದೀಯೋ ಬಂಗಲೆಯಾಗಿ ನೋಡುತ್ತಿದ್ದೀಯೋ ಎಂಬ ಮರುಪ್ರಶ್ನೆಯೇ ಮೊದಲ ಉತ್ತರ. ಅಮೆರಿಕದ ದಾರ್ಶನಿಕ ಕೆಂಡಲ್ ವಾಲ್ಟನ್ 1970ರಲ್ಲಿ ಬರೆದ ಪ್ರಸಿದ್ಧ ಲೇಖನದ ವಾದವೂ ಇದೇ ದಿಕ್ಕಿನದು. ಕೃತಿಯನ್ನು ಅದರ ಸರಿಯಾದ ವರ್ಗದಲ್ಲಿಟ್ಟು ನೋಡಿದಾಗಲೇ ಅದರ ಗುಣಗಳು ಸರಿಯಾಗಿ ಕಾಣುತ್ತವೆ ಎಂಬುದು ಆತನ ನಿಲುವು.

ಪಾಶ್ಚಾತ್ಯ ಚರ್ಚೆಯ ಹಾದಿ

ಈ ಶಾಸ್ತ್ರಕ್ಕೆ ‘ಈಸ್ತೆಟಿಕ್ಸ್’ ಎಂಬ ಹೆಸರನ್ನು ಕೊಟ್ಟವನು ಜರ್ಮನಿಯ ಬೌಮ್‌ಗಾರ್ಟನ್. 1735ರಲ್ಲಿ ಆ ಪದವನ್ನು ಬಳಸಿ, 1750ರಲ್ಲಿ ಅದೇ ಹೆಸರಿನ ಗ್ರಂಥವನ್ನು ಹೊರತಂದ. ಇಂದ್ರಿಯಗಳ ಮೂಲಕ ಬರುವ ಅರಿವಿಗೂ ತನ್ನದೇ ಪೂರ್ಣತೆಯಿದೆ ಎಂಬುದು ಅವನ ಹೊಸ ಮಾತು. ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 1757ರ ಪ್ರಬಂಧದಲ್ಲಿ ಪ್ರಶ್ನೆಯನ್ನು ವಸ್ತುವಿನಿಂದ ನೋಡುಗನ ಕಡೆಗೆ ತಿರುಗಿಸಿದ. ಸರ್ವಾಂಟಿಸನ ಕಾದಂಬರಿಯಿಂದ ಅವನು ಒಂದು ಕಥೆಯನ್ನು ತೆಗೆದುಕೊಳ್ಳುತ್ತಾನೆ. ಪೀಪಾಯಿಯ ದ್ರಾಕ್ಷಾರಸವನ್ನು ರುಚಿನೋಡಿದ ಇಬ್ಬರಲ್ಲಿ ಒಬ್ಬ ತೊಗಲಿನ ವಾಸನೆ ಇದೆ ಎಂದ, ಇನ್ನೊಬ್ಬ ಕಬ್ಬಿಣದ ರುಚಿ ಇದೆ ಎಂದ. ಸುತ್ತಲಿದ್ದವರು ನಕ್ಕರು. ಪೀಪಾಯಿ ಬರಿದಾದಾಗ ತಳದಲ್ಲಿ ತೊಗಲಿನ ದಾರ ಕಟ್ಟಿದ ಕೀಲಿಕೈ ಸಿಕ್ಕಿತು. ಅಭಿರುಚಿ ಸೂಕ್ಷ್ಮವಾಗಿದ್ದರೆ ಇರುವುದನ್ನೇ ಕಂಡುಹಿಡಿಯುತ್ತದೆ ಎಂಬುದಕ್ಕೆ ಇದು ದೃಷ್ಟಾಂತ. ಒಳ್ಳೆಯ ತೀರ್ಪುಗಾರನಿಗೆ ಸೂಕ್ಷ್ಮತೆ, ಅಭ್ಯಾಸ, ಹೋಲಿಸಿ ನೋಡಿದ ಅನುಭವ, ಪೂರ್ವಗ್ರಹವಿಲ್ಲದ ಮನಸ್ಸು, ವಿವೇಕ ಇರಬೇಕು ಎಂದು ಹ್ಯೂಮ್ ಹೇಳಿದ. ಆದರೆ ಕವಿತೆಯ ತಳದಲ್ಲಿ ಕೀಲಿಕೈ ಸಿಗುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಕಾಂಟನ ವಿಶ್ಲೇಷಣೆ ಇದಕ್ಕಿಂತ ಆಳಕ್ಕಿಳಿಯುತ್ತದೆ. ಚೆಲುವಿನ ತೀರ್ಪಿನಲ್ಲಿ ಸ್ವಂತ ಲಾಭದ ಬಯಕೆ ಇರಬಾರದು, ಹಸಿದವನು ಊಟದ ತಟ್ಟೆಯನ್ನು ಹೊಗಳುವುದು ಸೌಂದರ್ಯನಿರ್ಣಯವಲ್ಲ. ಆ ತೀರ್ಪಿಗೆ ನಿಯಮದ ಆಧಾರವಿಲ್ಲ, ಲಕ್ಷಣಗಳ ಪಟ್ಟಿಯನ್ನು ತೋರಿಸಿ ಯಾರಿಂದಲೂ ‘ಚೆಂದ’ ಎಂದು ಒಪ್ಪಿಗೆ ಪಡೆಯಲಾಗದು. ಹಾಗಿದ್ದೂ ಅದು ಎಲ್ಲರ ಪರವಾಗಿ ಮಾತಾಡುತ್ತದೆ. ‘ನನಗೆ ಇಷ್ಟ’ ಎಂದರೆ ಯಾರ ತಕರಾರೂ ಇಲ್ಲ. ‘ಇದು ಚೆಂದ’ ಎಂದೊಡನೆ ಒಪ್ಪದವರ ಎದುರು ನಾವು ನಿಂತುಕೊಳ್ಳುತ್ತೇವೆ. ಕಲ್ಪನೆ ಮತ್ತು ಬುದ್ಧಿ ಒಂದನ್ನೊಂದು ಕಟ್ಟಿಹಾಕದೆ ಆಡುವ ಆಟವೇ ಆ ಸಂತೋಷದ ಮೂಲ. ಮನುಷ್ಯರೆಲ್ಲರಿಗೂ ಆ ಶಕ್ತಿಗಳು ಸಮಾನವಾದ್ದರಿಂದ ಆ ಸಂತೋಷವನ್ನು ಇತರರಿಂದಲೂ ನಿರೀಕ್ಷಿಸಬಹುದು ಎಂಬುದು ಕಾಂಟನ ಸಮಾಧಾನ. ಇಪ್ಪತ್ತನೆಯ ಶತಮಾನದ ಫ್ರಾಂಕ್ ಸಿಬ್ಲಿ (1959) ‘ಲಲಿತ’, ‘ನಾಜೂಕು’, ‘ಜೋಲು’ ಎಂಬಂಥ ಮಾತುಗಳನ್ನು ಬಳಸಲು ಯಾವ ಲಕ್ಷಣಪಟ್ಟಿಯೂ ಸಾಲದು, ಕಾಣುವ ಕಣ್ಣೇ ಬೇಕು ಎಂದು ತೋರಿಸಿದ. ಫ್ರಾನ್ಸಿನ ಪಿಯೇರ್ ಬೊರ್ದಿಯು 1979ರಲ್ಲಿ ಇದಕ್ಕೆ ವಿರುದ್ಧ ದಿಕ್ಕಿನಿಂದ ಬಂದ. ಅಭಿರುಚಿಯೆಂಬುದು ಮನೆತನ, ಶಾಲೆ, ವರ್ಗಗಳು ಕೊಟ್ಟ ಆಸ್ತಿ, ಬೇರೆಯವರಿಂದ ತಮ್ಮನ್ನು ಬೇರ್ಪಡಿಸಿಕೊಳ್ಳುವ ಗುರುತು ಎಂದ. ದಂಡಿನ ಬಂಗಲೆಗಳಲ್ಲಿ ಯಾವುದು ಸಭ್ಯ, ಯಾವುದು ಒರಟು ಎಂದು ಯಾರು ನಿರ್ಧರಿಸುತ್ತಿದ್ದರು ಎಂದು ಕೇಳಿದರೆ ಬೊರ್ದಿಯುವಿನ ಮಾತಿನ ತೂಕ ತಿಳಿಯುತ್ತದೆ. ಆದರೂ ಅದು ಅಭಿರುಚಿ ಎಲ್ಲಿಂದ ಬಂತು ಎಂಬುದನ್ನು ಹೇಳುತ್ತದೆಯೇ ಹೊರತು ಆ ತೀರ್ಪು ಸರಿಯೋ ತಪ್ಪೋ ಎಂಬುದನ್ನಲ್ಲ.

ಪುಣೆ, 1919

ಕನ್ನಡನಾಡಿನ ಒಬ್ಬ ದಾರ್ಶನಿಕ ಈ ಚರ್ಚೆಗೆ ಭಾರತದ ಕಡೆಯಿಂದ ವ್ಯವಸ್ಥಿತ ರೂಪ ಕೊಟ್ಟದ್ದು ಪುಣೆಯಲ್ಲಿಯೇ. 1919ರ ನವೆಂಬರಿನಲ್ಲಿ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಸ್ಥೆಯಲ್ಲಿ ಮೊದಲ ಅಖಿಲ ಭಾರತ ಪ್ರಾಚ್ಯವಿದ್ಯಾ ಸಮ್ಮೇಳನ ನಡೆಯಿತು. ಮೈಸೂರಿನ ಮಹಾರಾಜಾ ಕಾಲೇಜಿನ ಎಂ. ಹಿರಿಯಣ್ಣ (1871–1950) ಆ ಸಮ್ಮೇಳನಕ್ಕಾಗಿ ಭಾರತೀಯ ಸೌಂದರ್ಯಮೀಮಾಂಸೆಯನ್ನು ಕುರಿತ ಪ್ರಬಂಧ ಬರೆದರು. ಭಾರತದ ದರ್ಶನಗಳಲ್ಲಿ ಚೆಲುವಿನ ವಿಚಾರವೇ ಇಲ್ಲ ಎಂಬ ಆಕ್ಷೇಪ ಆಗ ಯುರೋಪಿನ ಪಂಡಿತರಲ್ಲಿ ಸಾಮಾನ್ಯವಾಗಿತ್ತು. ಅಲಂಕಾರಶಾಸ್ತ್ರವನ್ನು ಬರಿಯ ಕಾವ್ಯದ ವ್ಯಾಕರಣವೆಂದು ನೋಡದೆ ದರ್ಶನದ ಬೇರಿನೊಂದಿಗೆ ನೋಡಬೇಕು ಎಂಬುದು ಹಿರಿಯಣ್ಣನವರ ಉತ್ತರ. ಅವರ ಈ ಬಗೆಯ ಪ್ರಬಂಧಗಳು ನಿಧನಾನಂತರ 1954ರಲ್ಲಿ ಮೈಸೂರಿನ ಕಾವ್ಯಾಲಯದಿಂದ ‘ಆರ್ಟ್ ಎಕ್ಸ್‌ಪೀರಿಯೆನ್ಸ್’ ಎಂಬ ಪುಸ್ತಕವಾಗಿ ಬಂದವು. ಪುಸ್ತಕ ತೆಳು, ತೂಕ ದೊಡ್ಡದು.

ಹಿರಿಯಣ್ಣನವರು ಎರಡು ನೆಲೆಗಳನ್ನು ಬೇರ್ಪಡಿಸುತ್ತಾರೆ. ಸಾಂಖ್ಯದ ದೃಷ್ಟಿಯಲ್ಲಿ ಕಲೆ ಬದುಕಿನ ದುಃಖದಿಂದ ಮನಸ್ಸನ್ನು ಬೇರೆಡೆಗೆ ಒಯ್ದು ಬಿಡುವು ಕೊಡುತ್ತದೆ. ವೇದಾಂತದ ದೃಷ್ಟಿಯಲ್ಲಿ ಅದು ಬದುಕಿನ ಒಳಗಿನ ಆನಂದವನ್ನೇ ತೆರೆದು ತೋರುತ್ತದೆ. ಎರಡರಲ್ಲೂ ಸಾಮಾನ್ಯವಾದದ್ದು ‘ನಾನು’, ‘ನನ್ನದು’ ಎಂಬುದು ಕ್ಷಣಕಾಲ ಸಡಿಲಗೊಳ್ಳುವುದು. ಈ ಅಂಶದಲ್ಲಿ ಕಾಂಟ್ ಮತ್ತು ಹಿರಿಯಣ್ಣ ಬಹಳ ಹತ್ತಿರ ಬರುತ್ತಾರೆ. ಆದರೆ ಕಾಂಟನಿಗೆ ಅದು ನಿರ್ಣಯದ ಲಕ್ಷಣ, ಹಿರಿಯಣ್ಣನವರಿಗೆ ಅನುಭವದ ಲಕ್ಷಣ. ಮೋಕ್ಷದ ಅನುಭವಕ್ಕೆ ಇದು ಸಮೀಪವಾದರೂ ಉಳಿಯುವುದಿಲ್ಲ, ರಂಗದ ಪರದೆ ಇಳಿದೊಡನೆ ಮನೆಯ ಚಿಂತೆ ಮರಳಿ ಬರುತ್ತದೆ. ಇಲ್ಲಿ ಒಂದು ಕೊರತೆಯನ್ನೂ ಹೇಳಬೇಕು. ಅನುಭವದ ಎತ್ತರವನ್ನು ಹಿರಿಯಣ್ಣನವರಷ್ಟು ಸ್ವಚ್ಛವಾಗಿ ವಿವರಿಸಿದವರು ವಿರಳ. ಆದರೆ ಎರಡು ಒಳ್ಳೆಯ ಕೃತಿಗಳಲ್ಲಿ ಒಂದು ಮೇಲು ಎಂದು ನಾವು ಹೇಗೆ ನಿರ್ಧರಿಸುತ್ತೇವೆ ಎಂಬ ಕೆಳಮಟ್ಟದ, ದಿನನಿತ್ಯದ ಪ್ರಶ್ನೆಗೆ ಅವರಲ್ಲಿ ಉತ್ತರ ಕಡಮೆ. ಅದಕ್ಕೆ ಹಳೆಯ ಆಲಂಕಾರಿಕರನ್ನೇ ಕೇಳಬೇಕು.

ತೀರ್ಪುಗಾರ ಯಾರು?

ಭರತನ ನಾಟ್ಯಶಾಸ್ತ್ರದ 27ನೆಯ ಅಧ್ಯಾಯ ಈ ವಿಷಯದ ಅತ್ಯಂತ ಹಳೆಯ, ಅತ್ಯಂತ ಕುತೂಹಲದ ದಾಖಲೆ. ರಸದ ಅಧ್ಯಾಯವನ್ನು ಓದುವವರು ಬಹಳ, ಇದನ್ನು ಓದುವವರು ಕಡಮೆ. ನಾಟಕ ಗೆದ್ದಿತೇ ಸೋತಿತೇ ಎಂದು ಹೇಳುವುದು ಹೇಗೆ ಎಂಬುದೇ ಅದರ ವಸ್ತು. ಪ್ರೇಕ್ಷಕರ ಮುಗುಳ್ನಗೆ, ಮೆಚ್ಚುಮಾತು, ರೋಮಾಂಚ ಇವು ಮನುಷ್ಯಸಿದ್ಧಿಯ ಗುರುತುಗಳು. ಸದ್ದು, ಗಲಭೆಗಳಿಲ್ಲದೆ ರಂಗ ತುಂಬಿ ನಿಂತರೆ ಅದು ದೈವಸಿದ್ಧಿ. ವಿವಾದ ಬಂದಾಗ ತೀರ್ಪು ಕೊಡಲು ಭರತ ಹತ್ತು ಬಗೆಯ ‘ಪ್ರಾಶ್ನಿಕ’ರನ್ನು ಕೂರಿಸುತ್ತಾನೆ. ಅವರಲ್ಲಿ ಯಜ್ಞ ಬಲ್ಲವನು, ನರ್ತಕ, ಛಂದಸ್ಸು ತಿಳಿದವನು, ವೈಯಾಕರಣ, ರಾಜ, ಬಿಲ್ಲುಗಾರ, ಚಿತ್ರಕಾರ, ವೇಶ್ಯೆ, ಗಾಯಕ, ರಾಜಸೇವಕ ಇದ್ದಾರೆ. ರಂಗದ ಮೇಲೆ ಬಾಣ ಬಿಡುವ ಅಭಿನಯ ಸರಿಯೇ ಎಂದು ಬಿಲ್ಲುಗಾರ ಹೇಳಲಿ, ಶೃಂಗಾರದ ಉಪಚಾರ ಸರಿಯೇ ಎಂದು ವೇಶ್ಯೆ ಹೇಳಲಿ, ಪದಪ್ರಯೋಗವನ್ನು ವೈಯಾಕರಣ ನೋಡಲಿ. ಸೌಂದರ್ಯನಿರ್ಣಯ ಒಬ್ಬನ ಸೊತ್ತಲ್ಲ. ಅದು ಹಲವು ಬಾಳುಗಳಿಂದ ಬಂದ ತಿಳಿವಳಿಕೆಗಳ ಪಂಚಾಯಿತಿ. ಬೊರ್ದಿಯುವಿನ ಆಕ್ಷೇಪಕ್ಕೆ ಇಷ್ಟು ನೇರವಾದ ಉತ್ತರ ನಮ್ಮ ಶಾಸ್ತ್ರದಲ್ಲಿ ಬೇರೆ ಕಡೆ ನನಗೆ ಕಂಡಿಲ್ಲ.

ಆನಂದವರ್ಧನ (ಒಂಬತ್ತನೆಯ ಶತಮಾನ) ಮತ್ತು ಅಭಿನವಗುಪ್ತರ ಹೊತ್ತಿಗೆ ಆ ಪಂಚಾಯಿತಿ ಕುಗ್ಗಿ ಒಬ್ಬ ವ್ಯಕ್ತಿಯಲ್ಲಿ ನೆಲೆನಿಂತಿತು. ಅವನೇ ಸಹೃದಯ. ಕಾವ್ಯವನ್ನು ಪದೇಪದೇ ಓದಿ ಮನಸ್ಸೆಂಬ ಕನ್ನಡಿಯನ್ನು ಉಜ್ಜಿಕೊಂಡವನು, ವರ್ಣಿಸಿದ್ದರೊಂದಿಗೆ ಒಂದಾಗಬಲ್ಲವನು. ಹುಟ್ಟಿನ ಹಕ್ಕಾಗಿ ಯಾರೂ ಸಹೃದಯರಲ್ಲ, ಅಭ್ಯಾಸದಿಂದ ಆಗಬೇಕು. ರಸಾನುಭವಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಅಭಿನವಗುಪ್ತ ಎಣಿಸುತ್ತಾನೆ. ಪ್ರೇಕ್ಷಕನು ತನ್ನದೇ ಸುಖದುಃಖಗಳಲ್ಲಿ ಮುಳುಗಿರುವುದು ಅವುಗಳಲ್ಲೊಂದು. ಹ್ಯೂಮನ ತೀರ್ಪುಗಾರನಿಗೂ ಈ ಸಹೃದಯನಿಗೂ ಹೋಲಿಕೆ ಎದ್ದು ಕಾಣುತ್ತದೆ. ಆದರೆ ಹ್ಯೂಮನವನು ಹೊರಗೆ ನಿಂತು ಅಳೆಯುತ್ತಾನೆ, ಸಹೃದಯ ಒಳಗೆ ಹೋಗಿ ಬರುತ್ತಾನೆ. ಮೇಲು ಕೀಳುಗಳ ವಿಂಗಡಣೆಯೂ ಇದರಿಂದಲೇ ಬಂತು: ಧ್ವನಿಯೇ, ಅಂದರೆ ಸೂಚ್ಯಾರ್ಥವೇ, ಪ್ರಧಾನವಾದ ಕಾವ್ಯ ಉತ್ತಮ, ಧ್ವನಿಯಿದ್ದೂ ಹಿಂದೆ ಸರಿದದ್ದು ಮಧ್ಯಮ, ಶಬ್ದಚಮತ್ಕಾರವಷ್ಟೇ ಉಳಿದದ್ದು ಚಿತ್ರ. ಆಲಂಕಾರಿಕ ರಾಜಶೇಖರನಾದರೋ ವಿಮರ್ಶಕರನ್ನೇ ವಿಂಗಡಿಸಿದ: ಯಾವುದೂ ರುಚಿಸದ ಅರೋಚಕಿ, ಸಿಕ್ಕಿದ್ದನ್ನು ಹುಲ್ಲುಸಹಿತ ನುಂಗುವವನು, ಹೊಟ್ಟೆಕಿಚ್ಚಿನವನು, ತತ್ತ್ವವನ್ನೇ ಹಿಡಿದು ಕೂರುವವನು. ಮೊದಲ ಇಬ್ಬರನ್ನು ಇಂದೂ ಎಲ್ಲ ಊರಿನ ಸಭೆಗಳಲ್ಲಿ ಕಾಣಬಹುದು.

ಈ ಆಲಂಕಾರಿಕರ ಗ್ರಂಥಗಳು ಆಧುನಿಕ ಓದುಗರ ಕೈಸೇರಿದ್ದರಲ್ಲಿ ಪುಣೆಯ ಪಾತ್ರ ದೊಡ್ಡದು. ಸಂಸ್ಕೃತ ವಿದ್ವಾಂಸ ಗಿಯೋರ್ಗ್ ಬ್ಯೂಲರ್ 1875ರಲ್ಲಿ ಕಾಶ್ಮೀರದಲ್ಲಿ ಸಂಗ್ರಹಿಸಿದ ಹಸ್ತಪ್ರತಿಗಳು ಇಲ್ಲಿನ ಡೆಕ್ಕನ್ ಕಾಲೇಜಿಗೆ ಬಂದವು, ಮುಂದೆ ಆ ಸರ್ಕಾರಿ ಸಂಗ್ರಹ 1917ರಲ್ಲಿ ಸ್ಥಾಪನೆಯಾದ ಭಂಡಾರ್ಕರ್ ಸಂಸ್ಥೆಯ ವಶಕ್ಕೆ ಹೋಯಿತು. ಹಾಸನ ಜಿಲ್ಲೆಯ ಕೇರಳಾಪುರದಲ್ಲಿ ಹುಟ್ಟಿದ ಕೆ. ಕೃಷ್ಣಮೂರ್ತಿ (1923–1997) ಆನಂದವರ್ಧನನ ಧ್ವನ್ಯಾಲೋಕಕ್ಕೆ ಮಾಡಿದ ಇಂಗ್ಲಿಷ್ ಅನುವಾದವನ್ನು 1955ರಲ್ಲಿ ಪ್ರಕಟಿಸಿದ್ದು ಪುಣೆಯ ಓರಿಯೆಂಟಲ್ ಬುಕ್ ಏಜೆನ್ಸಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದಾಗ ಅವರು ಕುಂತಕನ ವಕ್ರೋಕ್ತಿಜೀವಿತವನ್ನು ಸಂಪಾದಿಸಿ ಅನುವಾದಿಸಿದರು (1977). ಇಡೀ ಶಾಸ್ತ್ರವನ್ನು ಕನ್ನಡದಲ್ಲಿ ಒಂದೆಡೆ ಕಟ್ಟಿಕೊಟ್ಟವರು ತೀ. ನಂ. ಶ್ರೀಕಂಠಯ್ಯ. ಅವರ ‘ಭಾರತೀಯ ಕಾವ್ಯಮೀಮಾಂಸೆ’ (1953) ಇಂದಿಗೂ ವಿದ್ಯಾರ್ಥಿಗಳ ಮೊದಲ ಪುಸ್ತಕ. ಕುವೆಂಪು ಅವರ ಮಾರ್ಗದರ್ಶನದಲ್ಲಿ ಜಿ. ಎಸ್. ಶಿವರುದ್ರಪ್ಪ ಬರೆದ ಡಾಕ್ಟರೇಟ್ ಪ್ರಬಂಧ ‘ಸೌಂದರ್ಯ ಸಮೀಕ್ಷೆ’ ಕನ್ನಡ ಕಾವ್ಯದಲ್ಲಿ ಚೆಲುವಿನ ಕಲ್ಪನೆಯನ್ನೇ ವಸ್ತುವಾಗಿಸಿಕೊಂಡಿತು.

ಕನ್ನಡದ ಮೊದಲ ಉಪಲಬ್ಧ ಗ್ರಂಥವೇ ಈ ಶಾಸ್ತ್ರದ್ದು ಎಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನ ಜನರಿಗೆ ಓದದೆಯೇ ಕಾವ್ಯದ ಒಳ್ಳೆಯದು ಕೆಟ್ಟದ್ದನ್ನು ತಿಳಿಯುವ ಜಾಣತನವಿದೆ ಎನ್ನುತ್ತದೆ. ಗ್ರಂಥಕರ್ತ ಶ್ರೀವಿಜಯನ ಈ ಹೇಳಿಕೆ ನಾಡಿನ ಹೊಗಳಿಕೆಯಾಗಿ ಪ್ರಸಿದ್ಧ, ಆದರೆ ಅದು ಸೌಂದರ್ಯನಿರ್ಣಯದ ಕುರಿತ ಸಿದ್ಧಾಂತವೂ ಹೌದು. ಓದಿ ಪಡೆದ ಅಭ್ಯಾಸಕ್ಕಿಂತ ಮೊದಲು ಮಾತಾಡುವ ಸಮುದಾಯದಲ್ಲೇ ಒಂದು ಕಿವಿಯಿರುತ್ತದೆ, ವಿದ್ವಾಂಸ ಅದನ್ನು ತಿದ್ದಿ ತೀಡಬಹುದಷ್ಟೆ. ಕಾಂಟನ ‘ಸಮಾನಪ್ರಜ್ಞೆ’ ಇಡೀ ಮನುಷ್ಯಕುಲದ್ದು, ಶ್ರೀವಿಜಯನದು ಒಂದು ನುಡಿಯ ನಾಡಿನದು. ಪರರ ವಿಚಾರವನ್ನು ಸೈರಿಸುವುದೇ ನಿಜವಾದ ಸಂಪತ್ತು ಎಂದೂ ಅದೇ ಗ್ರಂಥ ಹೇಳುತ್ತದೆ. ಅಭಿರುಚಿಯ ಜಗಳಗಳಿಗೆ ಇದಕ್ಕಿಂತ ಒಳ್ಳೆಯ ಪೀಠಿಕೆ ಬೇಕಿಲ್ಲ.

ಮರಾಠಿಯ ನೆರೆಯಲ್ಲಿ

ಪುಣೆಯಲ್ಲಿ ನೆಲೆಸಿದ ಕನ್ನಡಿಗರು ಈ ಚರ್ಚೆಯನ್ನು ಮರಾಠಿಯಲ್ಲೂ ಕೇಳಬಲ್ಲರು, ಅಲ್ಲಿ ಅದು ಕನ್ನಡಕ್ಕಿಂತ ಹೆಚ್ಚು ತಾತ್ತ್ವಿಕವಾಗಿ ಬೆಳೆದಿದೆ. ಬಾ. ಸೀ. ಮರ್ಢೇಕರ್ ‘ಸೌಂದರ್ಯ ಆಣಿ ಸಾಹಿತ್ಯ’ದಲ್ಲಿ ಸಂವಾದ, ವಿರೋಧ, ಸಮತೋಲ ಎಂಬ ಲಯದ ನಿಯಮಗಳಿಂದ ಚೆಲುವನ್ನು ವಿವರಿಸಿದರು. ರಾ. ಭಾ. ಪಾಟಣಕರರ ‘ಸೌಂದರ್ಯಮೀಮಾಂಸಾ’ (1974) ಕಲೆಯನ್ನು ಬದುಕಿನಿಂದ ಬೇರೆಯೆನ್ನುವ ಅಲೌಕಿಕತಾವಾದ, ಬದುಕಿನ ಭಾಗವೇ ಎನ್ನುವ ಲೌಕಿಕತಾವಾದ ಎಂಬ ಎರಡು ಧ್ರುವಗಳ ನಡುವೆ ಎಲ್ಲ ಸಿದ್ಧಾಂತಗಳನ್ನೂ ಇಟ್ಟು ನೋಡಿತು. ಪುಣೆ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರ ವಿಭಾಗದ ಸುರೇಂದ್ರ ಬಾರಲಿಂಗೆ ‘ಸೌಂದರ್ಯಾಚೆ ವ್ಯಾಕರಣ’ ಬರೆದು, ರಸವನ್ನು ಪ್ರೇಕ್ಷಕನ ಮನಸ್ಸಿಗಿಂತ ರಂಗದ ಭಾಷೆಯೊಂದಿಗೆ ಜೋಡಿಸಿ ಓದಬೇಕೆಂದು ವಾದಿಸಿದರು.

ಗ್ರಂಥಗಳ ಹೊರಗೆ ಪುಣೆಯ ಸಂಗೀತಸಭೆಯೂ ಈ ವಿಷಯದ ಪಾಠಶಾಲೆ. ಕುಂದಗೋಳದ ಸವಾಯಿ ಗಂಧರ್ವರು 1952ರಲ್ಲಿ ಪುಣೆಯಲ್ಲಿ ತೀರಿಕೊಂಡರು. ಮರುವರ್ಷ ಅವರ ಶಿಷ್ಯ, ಗದಗಿನ ಕಡೆಯ ಭೀಮಸೇನ ಜೋಶಿ ಗುರುಗಳ ಹೆಸರಿನಲ್ಲಿ ಉತ್ಸವ ಆರಂಭಿಸಿದರು. ಅಲ್ಲಿ ಖ್ಯಾಲ್ ಕೇಳುವವರು ತೀರ್ಪನ್ನು ವಾಕ್ಯದಲ್ಲಿ ಹೇಳುವುದಿಲ್ಲ. ತಾನ್ ಸುತ್ತಿ ಸುತ್ತಿ ತಾಳದ ಮೊದಲ ಮಾತ್ರೆಯಾದ ಸಮ್‌ಗೆ ಬಂದು ಕೂತ ಕ್ಷಣದಲ್ಲಿ ಸಾವಿರ ತಲೆಗಳು ಒಟ್ಟಿಗೆ ತೂಗುತ್ತವೆ. ಇದು ನಿಯಮದಿಂದ ಕಲಿತದ್ದೂ ಹೌದು, ತಾಳವನ್ನು ಎಣಿಸದಿದ್ದರೆ ಸಮ್ ತಿಳಿಯುವುದಿಲ್ಲ. ನಿಯಮವನ್ನು ಮೀರಿದ್ದೂ ಹೌದು, ಎಣಿಸುತ್ತ ಕೂತವನಿಗೆ ಆ ಪುಳಕವಿಲ್ಲ. ಕಾಂಟ್ ಹೇಳಿದ ಕಲ್ಪನೆ ಮತ್ತು ಬುದ್ಧಿಯ ಆಟಕ್ಕೆ ಇಷ್ಟು ಒಳ್ಳೆಯ ಉದಾಹರಣೆಯನ್ನು ಅವನ ಪುಸ್ತಕದಲ್ಲಿ ಹುಡುಕಬೇಕು. ಅವನಿಗೆ ಸಂಗೀತದ ಮೇಲೆ ಅಷ್ಟು ಗೌರವವೂ ಇರಲಿಲ್ಲ.

ಅಭಿರುಚಿಯನ್ನು ಕಲಿಸಬಹುದೇ ಎಂಬ ಪ್ರಶ್ನೆಗೆ ಪುಣೆಯಿಂದ ಕರ್ನಾಟಕಕ್ಕೆ ಬಂದ ಒಂದು ಪ್ರಯೋಗವಿದೆ. ಪ್ರಭಾತ್ ಸ್ಟುಡಿಯೋದ ಜಾಗದಲ್ಲಿ 1960ರಲ್ಲಿ ಶುರುವಾದ ಚಲನಚಿತ್ರ ಸಂಸ್ಥೆಯಲ್ಲಿ ಸತೀಶ್ ಬಹಾದುರ್ ಸಿನಿಮಾ ನೋಡುವುದನ್ನೇ ಪಾಠವಾಗಿ ಕಲಿಸುತ್ತಿದ್ದರು. ‘ಪಥೇರ್ ಪಾಂಚಾಲಿ’ಯನ್ನು ಅವರು ದೃಶ್ಯ ದೃಶ್ಯವಾಗಿ ಬಿಡಿಸಿ ತೋರಿಸುತ್ತಿದ್ದರು. 1964ರಲ್ಲಿ ಹುಟ್ಟಿದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವೂ ಪುಣೆಯದೇ. 1970ರ ದಶಕದ ಕೊನೆಗೆ ಕೆ. ವಿ. ಸುಬ್ಬಣ್ಣ ಸತೀಶ್ ಬಹಾದುರ್ ಮುಂತಾದವರನ್ನು ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿಗೆ ಕರೆತಂದು ಅಲ್ಲಿನ ರಂಗಸಂಸ್ಥೆ ನೀನಾಸಮ್‌ನಲ್ಲಿ ಚಿತ್ರ ರಸಗ್ರಹಣ ಶಿಬಿರ ನಡೆಸಿದರು. ಅಡಿಕೆ ತೋಟಗಳ ನಡುವಿನ ಆ ಊರಿನಲ್ಲಿ ಕೃಷಿಕರು, ಮೇಷ್ಟ್ರುಗಳು, ವಿದ್ಯಾರ್ಥಿಗಳು ಜಗತ್ತಿನ ದೊಡ್ಡ ಚಿತ್ರಗಳನ್ನು ನೋಡಿ, ಆಮೇಲೆ ಕೂತು ಮಾತಾಡಿದರು. ‘ರಸಗ್ರಹಣ’ ಎಂಬ ಮಾತನ್ನೇ ಅವರು ಆರಿಸಿಕೊಂಡದ್ದು ಗಮನಿಸಬೇಕು. ಇಂಗ್ಲಿಷಿನ ‘ಅಪ್ರಿಸಿಯೇಷನ್’ ಎಂಬ ಪದದ ಜಾಗದಲ್ಲಿ ಅಲ್ಲಿ ಅಭಿನವಗುಪ್ತನ ಮನೆಯ ಮಾತು ನಿಂತಿತ್ತು. ಶಿಬಿರ ಮುಂದೆ ಎಲ್ಲ ಕಲೆಗಳನ್ನೂ ಒಳಗೊಂಡು ಸಂಸ್ಕೃತಿ ಶಿಬಿರವಾಯಿತು. ಬಂಗಾಳಿ ಬಾರದ, ಬಂಗಾಳದ ಊರು ಕಾಣದ ಹೆಗ್ಗೋಡಿನ ಪ್ರೇಕ್ಷಕರಿಗೂ ‘ಪಥೇರ್ ಪಾಂಚಾಲಿ’ಯ ದುರ್ಗಾ ಮತ್ತು ಅಪು ಕಾಸೆಹುಲ್ಲಿನ ಬಯಲಲ್ಲಿ ರೈಲು ನೋಡಲು ಓಡುವಾಗ ಯಾರ ವಿವರಣೆಯೂ ಬೇಕಾಗಲಿಲ್ಲ. ವಿವರಣೆ ಬೇಕಾದದ್ದು ಆಮೇಲೆ, ಅದು ಯಾಕೆ ಅಷ್ಟು ಚೆನ್ನಾಗಿತ್ತು ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಬೇಕಾದಾಗ.